ಅವಳಿ ಬಸುರಿ, 21ನೇ ವಾರ, ಗರ್ಭಕೋಶದ ಬಾಯಿ 22 ಮಿ.ಮೀ.: ಹೊಲಿಗೆ ಹಾಕಿಸಲೇ, ಮಲಗಿಯೇ ಇರಲೇ?

ಅಂಕೋಲಾ ಅಂತ ಬರೆದಿದ್ದೀರಿ, ನನ್ನದು ಶಿರಸಿ. ಊರು ಮತ್ತು ಅಂಕಿ ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಕಥೆ. ‘ಏಳಬೇಡ, ಮಲಗಿರು’ ಅನ್ನುವ ಅತ್ತೆಯೂ ಸೇರಿ.

ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ನೀರು ಕುಡಿಸಿ, ಮೂತ್ರ ತಡೆದುಕೊಳ್ಳಿ ಅಂತ ಕೂರಿಸಿದ್ದರು. ಹೊಟ್ಟೆ ಮೇಲೆ ಜೆಲ್ ಹಚ್ಚಿ ನೋಡಿ, ಗರ್ಭಕೋಶದ ಬಾಯಿಯ ಉದ್ದ 38 ಮಿಲಿಮೀಟರ್ ಅಂತ ಬರೆದರು. ಈ ಉದ್ದ ಕಮ್ಮಿಯಾದಷ್ಟೂ ಬೇಗ ಹೆರಿಗೆಯಾಗುವ ಭಯ ಜಾಸ್ತಿ. ರಿಪೋರ್ಟಿನಲ್ಲಿ ಅದರ ಕೆಳಗೇ ಇನ್ನೊಂದು ಸಾಲಿತ್ತು: ಒಳಗಿಂದಲೂ (ಯೋನಿಯ ಮೂಲಕ) ಒಮ್ಮೆ ಸ್ಕ್ಯಾನ್ ಮಾಡಿಸಿ. ಅತ್ತೆ, ‘ಕೆಳಗಿಂದ ಎಂತದೂ ಹಾಕ್ಸುದು ಬ್ಯಾಡ ತಂಗಿ’ ಅಂದರು. ನನಗೂ ನಾಚಿಕೆ. 38 ಇದೆಯಲ್ಲ, ಸಾಕು ಅಂತ ಫೈಲ್ ಮುಚ್ಚಿದೆವು.

ಕೆಟ್ಟದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೂ ಓದಿ. ಮೂತ್ರಚೀಲ ತುಂಬಿದ್ದರೆ ಅದು ಗರ್ಭಕೋಶದ ಬಾಯಿಯನ್ನು ಒತ್ತುತ್ತದೆ. ಎರಡು ಗೋಡೆ ಒಂದಕ್ಕೊಂದು ಅಂಟಿಕೊಂಡು, ಬಾಯಿ ಇದ್ದದ್ದಕ್ಕಿಂತ ಉದ್ದ ಕಾಣುತ್ತದೆ. ಒಳಬದಿ ತೆರೆದುಕೊಂಡಿದ್ದರೂ ಮುಚ್ಚಿದ ಹಾಗೇ ತೋರುತ್ತದೆ. ಒಳಗಿಂದ ನೋಡುವಾಗ ಇದಕ್ಕೆ ಉಲ್ಟಾ: ಮೊದಲು ಮೂತ್ರ ಮಾಡಿ ಬರಬೇಕು. ಸಪೂರ ಪ್ರೋಬ್, ಅದಕ್ಕೊಂದು ಕವರ್. ಅದನ್ನೂ ಒತ್ತಿ ಹಿಡಿಯಬಾರದು, ಒತ್ತಿದರೆ ಮತ್ತೆ ಅಳತೆ ಜಾಸ್ತಿ ಬರುತ್ತದೆ. ಒಳಬಾಯಿಯಿಂದ ಹೊರಬಾಯಿಗೆ ಅಳೆದು, ಸ್ವಲ್ಪ ಕಾದು ಮತ್ತೆ ಅಳೆದು, ಎಲ್ಲಕ್ಕಿಂತ ಕಮ್ಮಿ ಬಂದದ್ದನ್ನು ಬರೆಯುತ್ತಾರೆ. ಮಗುವಿಗೆ ಏನೂ ತಾಗುವುದಿಲ್ಲ. ನಮ್ಮ 38 ಅಂದರೆ ಮೂತ್ರಚೀಲ ತುಂಬಿದ್ದಾಗ ಬಂದ ಅಳತೆ, ಅಷ್ಟೇ. ನಿಮ್ಮ 22 ಯಾವ ಸ್ಕ್ಯಾನ್‌ನದ್ದು ಅಂತ ಬರೆದಿಲ್ಲ. ಮೊದಲು ಅದನ್ನು ನೋಡಿ.

27ನೇ ವಾರ, ಆಷಾಢದ ಮಳೆ. ಸೊಂಟ ಹಿಡಿದ ಹಾಗಾಯಿತು, ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಬಿಗಿಯಾಗಿ ಸಡಿಲಾಗತೊಡಗಿತು. ಒಳಗಿಂದ ನೋಡಿದರೆ 11 ಮಿಲಿಮೀಟರ್, ಮೇಲ್ಬದಿ ಆಲಿಕೆ ಹಾಗೆ ತೆರೆದಿದೆ. ಮಗುವಿನ ಶ್ವಾಸಕೋಶಕ್ಕೆ ಅಂತ ಡೆಕ್ಸಾಮೆಥಾಸೋನ್ ಕೊಡುತ್ತಾರಲ್ಲ, ಅದರ ಮೊದಲ ಡೋಸ್ ಹಾಕಿದರು. 12 ಗಂಟೆಗೊಂದರಂತೆ ನಾಲ್ಕು ಆಗಬೇಕು. ಹುಬ್ಬಳ್ಳಿಗೆ ಫೋನ್ ಮಾಡಿದರೆ ಖಾಲಿ ಇದ್ದದ್ದು ಒಂದೇ ವೆಂಟಿಲೇಟರ್. ನಮಗೆ ಬೇಕಾದದ್ದು ಎರಡು! ಹಾಗಾಗಿ ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಹೆದ್ದಾರಿ ಹಿಡಿದು, ಮಣಿಪಾಲದ ಕಡೆ. ಹೊನ್ನಾವರದ ಶರಾವತಿ ಸೇತುವೆ ಮೇಲೆ ನೀರು ಒಡೆಯಿತು. ಎರಡನೇ ಡೋಸ್‌ಗೂ ಮೊದಲೇ ಇಬ್ಬರೂ ಹುಟ್ಟಿದರು.

ಉಳಿದರು. ಚಿಕ್ಕವನು ಬಹಳ ದಿನ ವೆಂಟಿಲೇಟರ್‌ನಲ್ಲಿದ್ದ, ಕಣ್ಣಿಗೆ ಲೇಸರ್ ಆಯಿತು. ತೋಟದ ಮೇಲೆ ಮಾಡಿದ ಸಾಲ ಇನ್ನೂ ಇದೆ.

ಈಗ ನಿಮ್ಮ ಪ್ರಶ್ನೆ. ಹೊಲಿಗೆಯೋ, ಮಲಗುವುದೋ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಪ್ರಶ್ನೆಯೇ ಸರಿ ಇಲ್ಲ. ಮಲಗಿಯೇ ಇದ್ದರೆ ಹೆರಿಗೆ ಮುಂದೆ ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮಾತ್ರ ಜಾಸ್ತಿ. ಅತ್ತೆಗೆ ಇದನ್ನು ಡಾಕ್ಟರ ಬಾಯಲ್ಲೇ ಹೇಳಿಸಿ, ನೀವು ಹೇಳಿದರೆ ಕೇಳುವುದಿಲ್ಲ. ಹೊಲಿಗೆ ಒಂದೇ ಮಗು ಇದ್ದವರಲ್ಲಿ ಕೆಲವರಿಗೆ ಉಪಯೋಗ. ಅವಳಿಯಲ್ಲಿ ಬರೀ ಉದ್ದ ಕಮ್ಮಿ ಅಂತ ಹಾಕುವುದರಿಂದ ಲಾಭ ಸಾಬೀತಾಗಿಲ್ಲ; ಬಾಯಿ ನಿಜವಾಗಿ ತೆರೆದುಕೊಂಡಿದ್ದರೆ ಲೆಕ್ಕ ಬೇರೆ. ಗರ್ಭಕೋಶದ ಬಾಯಿಯ ಸುತ್ತ ಕೂರಿಸುವ ರಿಂಗ್ (ಪೆಸರಿ) ಹಾಕಿಸಿ ಅಂತಲೂ ಯಾರಾದರೂ ಹೇಳಬಹುದು. ನೆದರ್ಲೆಂಡ್ಸ್‌ನಲ್ಲಿ ಅವಳಿ ಬಸುರಿಯರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಕೇಳಲೇಬೇಕಾದದ್ದು ಯೋನಿಯೊಳಗೆ ಇಟ್ಟುಕೊಳ್ಳುವ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಔಷಧಿ ಬಗ್ಗೆ. 25 ಮಿ.ಮೀ.ಗಿಂತ ಕಮ್ಮಿ ಇರುವ ಅವಳಿಯಲ್ಲಿ ಅದು ನೆರವಾಗಬಹುದು ಅನ್ನುವ ಲಕ್ಷಣ ಇದೆ.

ಆದರೆ 22 ಅಂದರೆ ಹೆರಿಗೆಯ ತಾರೀಕು ಅಲ್ಲ. ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೇಗೂ 37 ವಾರಕ್ಕೆ ಮೊದಲೇ ಹುಟ್ಟುತ್ತವೆ. 20ರ ಒಳಗಿದ್ದೂ ದೂರ ಹೋದವರಿದ್ದಾರೆ, 30 ಇದ್ದೂ ಬೇಗ ಹೆತ್ತವರಿದ್ದಾರೆ. ಆ ಅಂಕಿಯಿಂದ ನಿಮಗೆ ಸಿಗುವುದು ತಯಾರಿಗೆ ಸಮಯ. ಅದನ್ನು ಮಂಚದ ಮೇಲೆ ಕಳೆಯಬೇಡಿ. ಮತ್ತೆ ಯಾವಾಗ ಅಳೆಯುತ್ತಾರೆ ಕೇಳಿ. ಮಕ್ಕಳಿಗೆ ಮಾಸು ಒಂದೋ ಎರಡೋ ನೋಡಿ. ಒಂದೇ ಆಗಿದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಬೇರೆ ಕಾರಣಕ್ಕೂ ಸ್ಕ್ಯಾನ್ ಬೇಕು.

ಇನ್ನು ಜಾಗ. ಅಂಕೋಲಾದಿಂದ ಹುಬ್ಬಳ್ಳಿಗೆ ಅರಬೈಲು ಘಟ್ಟ ಹತ್ತಬೇಕು. ಗೋವಾಕ್ಕೆ ಕಾರವಾರ ದಾಟಬೇಕು. ಮಣಿಪಾಲಕ್ಕೆ ಹೆದ್ದಾರಿ ಇದೆ, ಆದರೆ ದೂರ. ಮೂರರಲ್ಲಿ ಒಂದನ್ನು ಈಗಲೇ ಆರಿಸಿ, ಒಮ್ಮೆ ಹೋಗಿ ಹೆಸರು ಬರೆಸಿ, ಫೈಲ್ ಮಾಡಿಸಿ. ಹತ್ತಿರ ನೆಂಟರಿದ್ದರೆ 24 ವಾರ ದಾಟುತ್ತಿದ್ದಂತೆ ಅಲ್ಲಿಗೇ ಹೋಗಿ ಇರಿ, ತವರಿನ ಬಾಣಂತನದ ಮಾತು ಆಮೇಲಿರಲಿ. ಫೋನ್ ಮಾಡಿದಾಗ ‘ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆಯಾ’ ಅಂತ ಕೇಳಬೇಡಿ, ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಒಂದು ಕಿಲೋಗಿಂತ ಕಮ್ಮಿ ತೂಕದ ಎರಡು ಮಕ್ಕಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತೀರಾ ಅಂತ ಕೇಳಿ.