ಓದುಗರ ಪ್ರಶ್ನೆ: ಹೋಟೆಲಿಗೆ ವೆಬ್‌ಸೈಟ್ ಇದೆ, ಗಿರಾಕಿ ಇಲ್ಲ

● ನಮ್ಮದು ಬೆಣ್ಣೆ ದೋಸೆ ಹೋಟೆಲು. ವೆಬ್‌ಸೈಟ್ ಮಾಡಿಸಿ ಎರಡು ವರ್ಷವಾಯಿತು. ಮೆನು ಕಾರ್ಡನ್ನು ಪಿಡಿಎಫ್ ಮಾಡಿ ಹಾಕಿದ್ದಾರೆ, ಮುಖಪುಟದಲ್ಲಿ ದೊಡ್ಡ ಫೋಟೊಗಳು ಒಂದಾದ ಮೇಲೊಂದು ಓಡುತ್ತವೆ. ಅದನ್ನು ನೋಡಿ ಬಂದವರು ಮಾತ್ರ ಯಾರೂ ಇಲ್ಲ. ಏನು ಬದಲಿಸಬೇಕು?
– ಹೋಟೆಲ್ ಮಾಲೀಕರು, ದಾವಣಗೆರೆ

ಮೊದಲು ಮೆನು ಸರಿಮಾಡಿ, ಉಳಿದದ್ದು ಆಮೇಲೆ. ಪ್ರೆಸ್ಸಿನವರು ಕೊಟ್ಟ ಪಿಡಿಎಫ್ ಕಾಗದದ ಅಳತೆಗೆ ಮಾಡಿದ್ದು. ಫೋನಿನಲ್ಲಿ ತೆರೆದವರು ಅದನ್ನು ಹಿಗ್ಗಿಸಿ, ಆಚೀಚೆ ಎಳೆದಾಡಿ ಬೆಲೆ ಹುಡುಕಬೇಕು. ಹಸಿದವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಕನ್ನಡ ಮೆನುವಿಗೆ ಇನ್ನೊಂದು ತೊಡಕಿದೆ. ಬಹಳಷ್ಟು ಪ್ರೆಸ್‌ಗಳಲ್ಲಿ ಇಂದಿಗೂ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲೇ ಟೈಪ್ ಮಾಡುತ್ತಾರೆ. ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ‘ಬೆಣ್ಣೆ ಖಾಲಿ ದೋಸೆ’ ಎಂದು ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ಪರೀಕ್ಷೆ ಸುಲಭ: ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದರೆ ಯುನಿಕೋಡ್, ಅಂದರೆ ಹುಡುಕಿದರೆ ಸಿಗುವ ನಿಜವಾದ ಕನ್ನಡ ಅಕ್ಷರ (ಒತ್ತಕ್ಷರ ಸ್ವಲ್ಪ ಹಿಂದುಮುಂದಾದರೂ ಸರಿಯೇ). ಚಿತ್ರವಿಚಿತ್ರ ಚಿಹ್ನೆಗಳು ಬಂದರೆ ಆಸ್ಕಿ. ಅಕ್ಷರ ಸೆಲೆಕ್ಟೇ ಆಗದಿದ್ದರೆ ಅದು ಬರೀ ಚಿತ್ರ. ಆಸ್ಕಿಯನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವೊತ್ತು ತಪ್ಪಿದೆಯೇ ಎಂದು ಸಾಲುಸಾಲಾಗಿ ನೋಡಬೇಕಾಗುತ್ತದೆ. ನಲವತ್ತು ಐವತ್ತು ತಿಂಡಿಗಳ ಮೆನುವಾದರೆ ಫೋನಿನಲ್ಲೇ ಹೊಸದಾಗಿ ಟೈಪ್ ಮಾಡುವುದು ಬೇಗ ಮುಗಿಯುತ್ತದೆ.

ಹೀಗೆ ಟೈಪ್ ಮಾಡಿದ್ದನ್ನು ಪುಟದಲ್ಲೇ ಪಠ್ಯವಾಗಿ ಹಾಕಿಸಿ: ಹೆಸರು, ಒಂದು ಸಾಲಿನ ವಿವರ, ಬೆಲೆ. ‘ಬೆಣ್ಣೆ ಓಪನ್ – ಮೇಲೆ ಚಟ್ನಿಪುಡಿ ಉದುರಿಸಿ, ಆಲೂಗಡ್ಡೆ ಪಲ್ಯ ಇಟ್ಟದ್ದು’ ಎಂದರೆ ಹೊರಗಿನವರಿಗೂ ತಿಳಿಯುತ್ತದೆ. ಪಕ್ಕದಲ್ಲಿ ಇಂಗ್ಲಿಷ್ ಹೆಸರೂ ಇರಲಿ. ಇಂಗ್ಲಿಷ್‌ನಲ್ಲಿ ಕೆಲವರು ದೋಸೆಯನ್ನು dose ಎಂದು ಬರೆದು ಹುಡುಕುತ್ತಾರೆ, ಕೆಲವರು dosa ಎಂದು. ಹೆಸರಿನಲ್ಲಿ ಒಂದು, ವಿವರದಲ್ಲಿ ಇನ್ನೊಂದು ಬಳಸಿದರೆ ಎರಡೂ ಸೇರಿಕೊಳ್ಳುತ್ತವೆ. ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎನ್ನುವುದನ್ನು ಅಲ್ಲೇ ಬರೆಯಿರಿ, ಬಿಲ್ ಕೊಡುವಾಗ ಗಲ್ಲಾದ ಹತ್ತಿರ ವಾದ ಬೇಡ.

ಓಡುವ ಫೋಟೊಗಳನ್ನು ತೆಗೆಸಿ, ಒಂದೇ ಒಂದು ಒಳ್ಳೆಯ ಫೋಟೊ ಸಾಕು. ಫೋನಿನಲ್ಲಿ ತೆಗೆದ ಚಿತ್ರ 4–5 ಎಂಬಿ ಇರುತ್ತದೆ. ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ 200 ಕೆಬಿಯೊಳಗೆ ಬರುತ್ತದೆ. ಮೇಲಿನ ಆ ಮೊದಲ ಚಿತ್ರಕ್ಕೆ ‘ಲೇಜಿ ಲೋಡಿಂಗ್’ (ಚಿತ್ರವನ್ನು ಬೇಕಾದಾಗ ಮಾತ್ರ ತರಿಸುವ ವಿಧಾನ) ಹಾಕಬೇಡಿ ಎಂದು ಡಿಸೈನರ್‌ಗೆ ಹೇಳಿ, ಹಾಕಿದರೆ ಅದು ತಡವಾಗಿ ಕಾಣಿಸುತ್ತದೆ. ನಂತರ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟಿನ ವಿಳಾಸ ಕೊಟ್ಟು ‘ಮೊಬೈಲ್’ ವಿಭಾಗ ನೋಡಿ. ಎಲ್‌ಸಿಪಿ ಎಂಬ ಅಂಕಿ (ಪುಟದ ಮುಖ್ಯ ಭಾಗ ಕಾಣಿಸಲು ಹಿಡಿಯುವ ಸಮಯ) 2.5 ಸೆಕೆಂಡಿನೊಳಗಿದ್ದರೆ ಸರಿ.

ಫೋಟೊದ ಕೆಳಗೇ, ಬೆರಳು ಆಡಿಸುವ ಮುನ್ನವೇ ಕಾಣುವಂತೆ ಇರಬೇಕಾದ್ದು: ತೆರೆದಿರುವ ಹೊತ್ತು (ಮಧ್ಯಾಹ್ನ ಮುಚ್ಚುತ್ತಿದ್ದರೆ ಅದೂ), ಒತ್ತಿದರೆ ಕರೆ ಹೋಗುವ ಫೋನ್ ನಂಬರ್, ಮ್ಯಾಪ್ ಕೊಂಡಿ. ನಿಮ್ಮ ಊರು ಬೆಂಗಳೂರು–ಪುಣೆ ಹೆದ್ದಾರಿಯಲ್ಲಿದೆ. ಕಾರಿನಲ್ಲಿ ಹೋಗುವವರು ಕೇಳುವುದು ಎರಡೇ: ಹೆದ್ದಾರಿಯಿಂದ ಎಷ್ಟು ನಿಮಿಷ, ಗಾಡಿ ನಿಲ್ಲಿಸಲು ಜಾಗವಿದೆಯೇ? ಇವೆರಡಕ್ಕೂ ಉತ್ತರ ಬರೆದಿಟ್ಟ ಹೋಟೆಲ್ ಸೈಟ್ ಅಪರೂಪ. ‘ನಮ್ಮ ಬಗ್ಗೆ’, ‘ನಮ್ಮ ಧ್ಯೇಯ’ ಎಲ್ಲ ಕೆಳಗೆ ಹೋಗಲಿ.

● ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಹೋಟೆಲಿನ ರಜಾದಿನ ತಪ್ಪಾಗಿದೆ. ಖಾತೆ ತೆರೆದುಕೊಟ್ಟ ಡಿಸೈನರ್ ಈಗ ಫೋನ್ ಎತ್ತುತ್ತಿಲ್ಲ.
– ಓದುಗರು, ಶಿರಸಿ

ವೆಬ್‌ಸೈಟ್‌ಗಿಂತ ಇದೇ ತುರ್ತಿನದು. ಹತ್ತಿರದ ಹೋಟೆಲ್ ಹುಡುಕುವವರಿಗೆ ಮೊದಲು ಕಾಣುವುದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪ್‌ನಲ್ಲಿ ಹೋಟೆಲಿನ ಹೆಸರು, ಸಮಯ ತೋರಿಸುವ ಆ ಖಾತೆ. ನಿಮ್ಮದೇ ಜಿಮೇಲ್‌ನಿಂದ ಲಾಗಿನ್ ಆಗಿ, ಪ್ರೊಫೈಲಿನ ಮಾಲೀಕತ್ವ ಕೋರಿ ಅರ್ಜಿ ಹಾಕಿ. ಈಗಿನ ಮಾಲೀಕರು 3 ದಿನದೊಳಗೆ ಉತ್ತರಿಸದಿದ್ದರೆ ನೀವೇ ದೃಢೀಕರಣ ಮಾಡಿಕೊಳ್ಳುವ ಅವಕಾಶ ಸಿಗಬಹುದು. ದೃಢೀಕರಣಕ್ಕೆ ಗೂಗಲ್‌ನವರು ವಿಡಿಯೊ ಕೇಳಿದರೆ ರಸ್ತೆ, ನಾಮಫಲಕ, ಬೀಗ ತೆಗೆಯುವುದು, ಒಳಗಿನ ಕೌಂಟರ್, ಅಡುಗೆಮನೆ ಎಲ್ಲವನ್ನೂ ನಿಲ್ಲಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ. ಖಾತೆ ಕೈಗೆ ಬಂದ ಮೇಲೆ ಡಿಸೈನರ್‌ಗಳನ್ನು ‘ಮ್ಯಾನೇಜರ್’ ಆಗಿ ಮಾತ್ರ ಸೇರಿಸಿ. ಯುಗಾದಿ, ದೀಪಾವಳಿಗೆ ವಿಶೇಷ ಸಮಯ ತುಂಬುವ ಜಾಗ ಬೇರೆಯೇ ಇದೆ.

ಡೊಮೈನ್ (ಸೈಟಿನ ವಿಳಾಸ) ಯಾರ ಹೆಸರಿನಲ್ಲಿದೆ ಎಂಬುದನ್ನೂ ಈಗಲೇ ನೋಡಿ. ಡಿಸೈನರ್ ಹೆಸರಿನಲ್ಲಿದ್ದು ಅವರು ನವೀಕರಿಸದೆ ಬಿಟ್ಟರೆ ಸೈಟ್ ಹೋಗುತ್ತದೆ, ವಿಳಾಸವನ್ನು ಬೇರೆ ಯಾರಾದರೂ ಕೊಂಡುಕೊಳ್ಳಬಹುದು.

● ಆ್ಯಪ್‌ಗಳ ಕಮಿಷನ್ ತಪ್ಪಿಸಲು ನಮ್ಮ ಸೈಟ್‌ನಲ್ಲೇ ಪಾರ್ಸೆಲ್ ಆರ್ಡರ್ ತೆಗೆದುಕೊಳ್ಳಬಹುದೇ?
– ಮೆಸ್ ನಡೆಸುವವರು, ಮೈಸೂರು

ಬಹುದು, ಆದರೆ ಕಾರ್ಟ್, ಪೇಮೆಂಟ್ ಗೇಟ್‌ವೇಗಳಿಗೆ ಈಗಲೇ ಹಣ ಸುರಿಯಬೇಡಿ. ಮೊದಲು ವಾಟ್ಸ್ಆ್ಯಪ್ ಗುಂಡಿ ಹಾಕಿಸಿ. ಕೊಂಡಿಯಲ್ಲಿ ನಂಬರಿನ ಮುಂದೆ 91 ಇರಬೇಕು. ಪ್ಲಸ್ ಚಿಹ್ನೆ, ನಂಬರಿನ ಮೊದಲಿಗೆ ಸೊನ್ನೆ, ನಡುವೆ ಖಾಲಿ ಜಾಗ ಇರಕೂಡದು. ಗುಂಡಿ ಕೆಲಸ ಮಾಡುತ್ತಿಲ್ಲ ಎಂದರೆ ಹೆಚ್ಚಿನ ಸಲ ಕಾರಣ ಇದೇ. ಡೆಲಿವರಿಯನ್ನು ಮೂರು ಕಿಲೋಮೀಟರಿಗೆ ನಿಲ್ಲಿಸಿ. ಅನ್ನದ ಐಟಂಗಳು, ಚಪಾತಿ, ಪಲ್ಯ ತಡೆಯುತ್ತವೆ. ದೋಸೆ ಡಬ್ಬಿಯೊಳಗೆ ಬೆವೆತು ಮೆತ್ತಗಾಗುತ್ತದೆ, ಅದನ್ನು ಪಾರ್ಸೆಲ್ ಪಟ್ಟಿಯಿಂದಲೇ ಬಿಡುವುದು ಒಳ್ಳೆಯದು. ಮಧ್ಯಾಹ್ನದ ರಶ್ ಹೊತ್ತಿನಲ್ಲಿ ಆರ್ಡರ್ ನಿಲ್ಲಿಸುವ ಅಧಿಕಾರ ಅಡುಗೆಮನೆಯವರ ಕೈಯಲ್ಲಿರಲಿ.

ತೆರಿಗೆಯ ವಿಷಯ ಮರೆಯಬೇಡಿ. ಆ್ಯಪ್ ಮೂಲಕ ಹೋದ ಊಟದ ಜಿಎಸ್‌ಟಿಯನ್ನು 2022ರ ಜನವರಿ 1ರಿಂದ ಆ್ಯಪ್‌ನವರೇ ಕಟ್ಟುತ್ತಿದ್ದಾರೆ. ನಿಮ್ಮದೇ ಸೈಟ್‌ನ ಆರ್ಡರಿಗೆ ಆ ಹೊಣೆ ನಿಮ್ಮದು. ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಜಿಎಸ್‌ಟಿ ಕಟ್ಟುವ ಸರಳ ವ್ಯವಸ್ಥೆ) ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಇರಲೇಬೇಕು, ಸೈಟಿನ ಅಡಿಯಲ್ಲೂ ಹಾಕಿಸಿ.

● ಟೇಬಲ್ ಮೇಲೆ ಅಂಟಿಸಿದ್ದ ಮೆನು ಕ್ಯೂಆರ್ ಕೋಡ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಯಾಕೆ?
– ಓದುಗರು, ಹಾಸನ

ಉಚಿತ ತಾಣದಲ್ಲಿ ಮಾಡಿದ ‘ಡೈನಾಮಿಕ್’ ಕೋಡ್ ಇರಬೇಕು. ಸ್ಕ್ಯಾನ್ ಮಾಡಿದವರು ಮೊದಲು ಆ ತಾಣಕ್ಕೆ ಹೋಗಿ ಅಲ್ಲಿಂದ ನಿಮ್ಮ ಪುಟಕ್ಕೆ ಬರುತ್ತಾರೆ. ಉಚಿತ ಅವಧಿ ಮುಗಿದರೆ ದಾರಿ ಬಂದ್. ನಿಮ್ಮ ಮೆನು ಪುಟದ ವಿಳಾಸವನ್ನೇ ಕೊಟ್ಟು ‘ಸ್ಟ್ಯಾಟಿಕ್’ ಕೋಡ್ ಮಾಡಿಸಿ. ಪುಟದ ವಿಳಾಸ ಬದಲಿಸದಿರುವ ತನಕ ಅದು ನಡೆಯುತ್ತದೆ. ಮೂರು ಸೆಂಟಿಮೀಟರಿಗಿಂತ ಚಿಕ್ಕದಾಗದಿರಲಿ, ಸುತ್ತ ಬಿಳಿ ಅಂಚಿರಲಿ. ಹೊಳೆಯುವ ಲ್ಯಾಮಿನೇಷನ್ ಬದಲು ಮ್ಯಾಟ್ ಹಾಕಿಸಿದರೆ ಟ್ಯೂಬ್‌ಲೈಟ್ ಕೆಳಗೂ ಸ್ಕ್ಯಾನ್ ಆಗುತ್ತದೆ.