ನೀರಿನ ಬಾಟಲಿ ತುಂಬಿದ್ದ ಹಾಗೇ ವಾಪಸ್ ಬಂದರೆ, ಮೊದಲು ಶಾಲೆಯ ಶೌಚಾಲಯ ನೋಡಿ

ಒಂದನೇ ಕ್ಲಾಸಿನ ಮಗಳು ನೀರಿನ ಬಾಟಲಿಯನ್ನು ತುಂಬಿದ್ದ ಹಾಗೇ ವಾಪಸ್ ತರುತ್ತಾಳೆ, ಬೆಳಗಾದರೆ ಹೊಟ್ಟೆನೋವು ಅನ್ನುತ್ತಾಳೆ, ಶಾಲೆಯಲ್ಲಿ ಏನಾದರೂ ಆಗಿದೆಯಾ ಅಂತ ಕೇಳಿದ್ದೀರಿ. ನಾನು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿಯ, ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಟೀಚರ್. ಸಿಸಿಟಿವಿ ಇದೆಯಾ, ಗೇಟಿನಲ್ಲಿ ಗಾರ್ಡ್ ಇದ್ದಾರಾ ಎಂಬುದನ್ನೆಲ್ಲ ಆಮೇಲೆ ವಿಚಾರಿಸಿ. ಮೊದಲು ಅಲ್ಲಿನ ಶೌಚಾಲಯ ನೋಡಿ ಬನ್ನಿ.

ನೀರು ಕುಡಿದರೆ ಒಂದಕ್ಕೆ ಹೋಗಬೇಕು, ಹೋಗಲು ಭಯ. ಅದಕ್ಕೇ ಎಷ್ಟೋ ಮಕ್ಕಳು ಕುಡಿಯುವುದನ್ನೇ ಬಿಡುತ್ತಾರೆ. ದಿನವಿಡೀ ತಡೆದುಕೊಂಡರೆ ಮಲಬದ್ಧತೆ, ಮೂತ್ರದ ಸೋಂಕು, ಹೊಟ್ಟೆನೋವು ಶುರುವಾಗುತ್ತವೆ. ನಾವು ಅದನ್ನು ಶಾಲೆಗೆ ಹೋಗದಿರಲು ಹೂಡಿದ ನೆಪ ಅಂದುಕೊಳ್ಳುತ್ತೇವೆ.

ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ಟರಿಗೆ ಹೇಳಿ, ಮಗಳ ಜೊತೆಯಲ್ಲೇ ಒಳಗೆ ಹೋಗಿ. ಅವಳೇ ಬಾಗಿಲು ಹಾಕಿ ತೆಗೆಯಲಿ. ಚಿಲಕ ಅವಳ ಕೈಗೆ ಎಟುಕುತ್ತದೆಯಾ? ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆಯಾ? ಒಮ್ಮೆ ಒಳಗೆ ಸಿಕ್ಕಿಹಾಕಿಕೊಂಡ ಮಗು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ದೊಡ್ಡ ಮಕ್ಕಳು ಆಟಕ್ಕೆ ಹೊರಗಿನಿಂದ ಚಿಲಕ ಹಾಕುವುದೂ ಉಂಟು. ನಲ್ಲಿಯಲ್ಲಿ ನೀರು ಬರುತ್ತದೆಯಾ, ತುಂಬಿದ ಮಗ್ಗು ಎತ್ತುವಷ್ಟು ಹಗುರವಾಗಿದೆಯಾ, ಒಳಗೆ ಬೆಳಕಿದೆಯಾ ನೋಡಿ. ಅವಳ ಬಟ್ಟೆಯನ್ನೂ ನೋಡಿ. ಲಾಡಿ ಗಂಟಾದರೆ ಆರು ವರ್ಷದ ಮಗುವಿಗೆ ಬಿಚ್ಚಲು ಬರುವುದಿಲ್ಲ. ಎಲಾಸ್ಟಿಕ್ ಹಾಕಿಸಿ. ಇದೊಂದರಿಂದಲೇ ಸರಿಹೋದ ಮಕ್ಕಳನ್ನು ನಾನು ಕಂಡಿದ್ದೇನೆ.

ಇನ್ನೊಂದು ಕಾರಣ ನಾವು ಟೀಚರುಗಳೇ. ಕಿರುಬೆರಳು ಎತ್ತಿ "ಮಿಸ್, ಒಂದಕ್ಕೆ" ಅಂದಾಗ "ಈಗ ತಾನೇ ಹೋಗಿದ್ಯಲ್ಲ, ಕೂತ್ಕೋ" ಅಂತ ಗದರಿಸಿದರೆ ಮಗು ಮತ್ತೆ ಕೇಳುವುದೇ ಇಲ್ಲ. ಒಬ್ಬರು ಕೇಳಿದರೆ ಹತ್ತು ಬೆರಳು ಏಳುತ್ತವೆ, ನಿಜ. ಏಳಲಿ ಬಿಡಿ, ಕಳಿಸಬೇಕು. ಚಡ್ಡಿ ಒದ್ದೆ ಮಾಡಿಕೊಂಡ ಮಗುವನ್ನು ಎಲ್ಲರೆದುರು ನಿಲ್ಲಿಸುವುದಂತೂ ಹಿಂಸೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಲೇಬೇಕು ಅನ್ನುವುದೂ ಅದೇ ಕಾಯ್ದೆ. ಹಾಗಾಗಿ ಕೇಳಲು ಸಂಕೋಚ ಬೇಡ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎತ್ತಿ, ಖಾಸಗಿಯಾದರೆ ಪೋಷಕರ ಸಭೆಯಲ್ಲಿ. 'ವಾಟರ್ ಬೆಲ್' ಹೊಡೆಯುತ್ತಾರಾ ಅಂತಲೂ ಕೇಳಿ. ಕೇರಳ ನೋಡಿ 2019ರಲ್ಲಿ ನಮ್ಮಲ್ಲೂ ಶುರುವಾದದ್ದು, ನೀರು ಕುಡಿಯಲೆಂದೇ ಬಿಡುವು. ಅದರ ಜೊತೆಗೆ ಒಂದಕ್ಕೆ ಹೋಗುವ ಬಿಡುವೂ ಇರಬೇಕು. ಇಲ್ಲದಿದ್ದರೆ ಸುಮ್ನೆ ಗಂಟೆ ಹೊಡೆದು ಏನು ಉಪಯೋಗ, ಅಲ್ವಾ?

ಯಾರಾದರೂ ಅವಳನ್ನು ಕೆಟ್ಟದಾಗಿ ಮುಟ್ಟಿದರಾ ಅನ್ನುವ, ನಿಮ್ಮ ಮನಸ್ಸಿನಲ್ಲಿರುವ ಆ ಇನ್ನೊಂದು ಭಯವೂ ನನಗೆ ಅರ್ಥವಾಗುತ್ತದೆ. "ಅಲ್ಲಿಗೆ ಯಾರು ಕರ್ಕೊಂಡು ಹೋಗ್ತಾರೆ? ತೊಳೆಯೋರು ಯಾರು?" ಅಂತ ಊಟ ಮಾಡಿಸುವಾಗಲೋ ಜಡೆ ಹಾಕುವಾಗಲೋ ಕೇಳಿ. ಪೊಲೀಸರ ಹಾಗೆ ಎದುರಿಗೆ ಕೂರಿಸಿಕೊಂಡು ಬೇಡ. ತೊಳೆದುಕೊಳ್ಳುವುದನ್ನು ಮನೆಯಲ್ಲೇ ಕಲಿಸಿ. ಯಾರೋ ಮುಟ್ಟಿದರು, ಯಾರಿಗೂ ಹೇಳಬೇಡ ಅಂದರು ಅಂತ ಅವಳ ಬಾಯಲ್ಲಿ ಬಂದರೆ ಬೈಯಬೇಡಿ, ಮತ್ತೆ ಮತ್ತೆ ಕೆದಕಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ಫೋನ್ ಮಾಡಿ. ಶಾಲೆಯವರು "ನಾವೇ ನೋಡ್ಕೋತೀವಿ" ಅಂದರೆ ಒಪ್ಪಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ಗೊತ್ತಾದವರು ದೂರು ಕೊಡಲೇಬೇಕು, ಹೆಡ್‌ಮಾಸ್ಟರೂ ಸೇರಿ.

ಉಚ್ಚೆ ಹೊಯ್ಯುವಾಗ ಉರಿ ಅಂದರೆ, ಜ್ವರ ಬಂದರೆ, ಇದನ್ನೆಲ್ಲ ವಿಚಾರಿಸುತ್ತಾ ಕೂರಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ, ಶಾಲೆಯಲ್ಲಿ ತಡೆದುಕೊಳ್ಳುತ್ತಾಳೆ ಅನ್ನುವುದನ್ನೂ ಹೇಳಿ.