ಹಲಸಿನ ಜಾಕ್, ಕಾರಿನ ಜಾಕ್

ಪ್ರಶ್ನೆ: ಹಲಸಿಗೆ ಇಂಗ್ಲಿಷಲ್ಲಿ ಜಾಕ್‌ಫ್ರೂಟ್, ಕಾರು ಎತ್ಲಿಕ್ಕೂ ಜಾಕ್, ಇಸ್ಪೀಟಲ್ಲೂ ಜಾಕ್. ಎಲ್ಲ ಒಂದೇ ಶಬ್ದವಾ ಅಂತ ಮಗಳು ಕೇಳ್ತಾಳೆ, ಎಂತ ಹೇಳುವುದು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಒಂದೇ ಅಲ್ಲ. ಹಲಸಿನ ಜಾಕ್ ಇಂಗ್ಲಿಷರದ್ದೇ ಅಲ್ಲ, ಈ ಕಡೆಯದ್ದು. ನಿಮ್ಮ ಪೇಟೆಯಲ್ಲಿ ಮಲಯಾಳ ಮಾತಾಡುವವರು ಚಕ್ಕ ಅಂತಾರಲ್ಲ, ಅದೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಹತ್ರ ಬಂದಿಳಿದ, ಮತ್ತೆ ಪೋರ್ಚುಗೀಸರು ಕಾಳುಮೆಣಸಿನ ಆಸೆಗೆ ಮಲಬಾರಲ್ಲೇ ವ್ಯಾಪಾರಕ್ಕೆ ಕೂತ್ರು, ಅಲ್ಲಿ ಕಿವಿಗೆ ಬಿದ್ದ ಚಕ್ಕ ಅವರ ಬಾಯಲ್ಲಿ ಜಾಕ ಆಯ್ತು, ಅವರಿಂದ ಇಂಗ್ಲಿಷರು ತಗೊಂಡು ಜಾಕ್ ಮಾಡಿ ಹಿಂದೆ ಒಂದು ಫ್ರೂಟ್ ಸೇರಿಸಿದ್ರು. 1563ರಲ್ಲಿ ಗೋವದಲ್ಲಿ ಅಚ್ಚಾದ ಗಾರ್ಸಿಯಾ ದ ಒರ್ತಾ ಎಂಬ ವೈದ್ಯನ ಪುಸ್ತಕದಲ್ಲಿ ಜಾಕದ ವಿಷಯವೇ ಒಂದು ಅಧ್ಯಾಯ ಉಂಟು. ನಾವು ಹಲಸು ಅಂತೇವೆ, ತುಳುವಲ್ಲಿ ಪೆಲಕಾಯಿ, ಎಳತಾದ್ರೆ ಗುಜ್ಜೆ, ಹಣ್ಣಲ್ಲಿ ಗಟ್ಟಿ ತೊಳೆಯ ಬಕ್ಕೆ ಬೇರೆ ಮೆತ್ತಗಿನ ತುಳುವ ಬೇರೆ, ಇಷ್ಟು ಹೆಸರಲ್ಲಿ ಹಡಗು ಹತ್ತಿದ್ದು ಚಕ್ಕ ಮಾತ್ರ. ಮಗಳಿಗೆ ಇದನ್ನು ಖಂಡಿತ ಹೇಳಿ, ಇಂಗ್ಲಿಷ್ ಡಿಕ್ಷನರಿಯಲ್ಲಿ ನಮ್ಮ ನೆರೆಮನೆಯ ಮಾತು ಕೂತದ್ದು ಗಡಿನಾಡಿನ ಮಕ್ಕಳಿಗೆ ಗೊತ್ತಿರ್ಬೇಕು.

ಉಳಿದ ಜಾಕ್‌ಗಳು ಜಾನ್ ಎಂಬ ಹೆಸರಿನವು. ಜಾನ್‌ನನ್ನು ಮುದ್ದಿಗೆ ಜಾಕ್ ಅಂತ ಕರೀತಿದ್ರು, ಆ ಹೆಸರು ಎಷ್ಟು ಬಳಕೆಗೆ ಬಂತು ಅಂದ್ರೆ ಇಂಗ್ಲೆಂಡಲ್ಲಿ ಯಾವ ಸಾಮಾನ್ಯ ಆಳನ್ನೂ ಕೆಲಸದ ಹುಡುಗನನ್ನೂ ಜಾಕ್ ಅಂತಲೇ ಕರೆಯುವುದಾಯ್ತು, ಮತ್ತೆ ಆಳಿನ ಕೆಲಸ ಮಾಡುವ ಸಾಧನಕ್ಕೂ ಅದೇ ಹೆಸರು ಬಿತ್ತು. ಕಾರಿನ ಜಾಕ್ ಈ ದಾರಿಯದ್ದು. ಇಸ್ಪೀಟಿನವನೂ ಆ ಆಳೇ. ಅವನಿಗೆ ಮೊದಲು ನೇವ್ ಅಂತ ಹೆಸರಿತ್ತು, ಎಲೆಯ ಮೂಲೆಯಲ್ಲಿ ಅಕ್ಷರ ಹಾಕ್ಲಿಕ್ಕೆ ಶುರು ಮಾಡಿದಾಗ ನೇವ್‌ನ ಇಂಗ್ಲಿಷ್ ಸ್ಪೆಲಿಂಗಿನ ಮೊದಲ ಅಕ್ಷರಗಳಾದ ಕೆಎನ್ ರಾಜನ (ಕಿಂಗ್) ಕೆಯೊಟ್ಟಿಗೆ ಗೊಂದಲ ಆಗ್ತಿತ್ತು, ಹಾಗಾಗಿ ಜೆ ಗಟ್ಟಿಯಾಯ್ತು. ಜಾಕ್‌ಪಾಟ್ ಬಂದದ್ದು ಪೋಕರ್ ಆಟದ ಇದೇ ಎಲೆಯಿಂದ.

ಗುಳ್ಳೆನರಿಯ ಜಾಕಲನ್ನು ಮಾತ್ರ ಇವರೊಟ್ಟಿಗೆ ಸೇರಿಸ್ಬೇಡಿ, ಅದು ಪಾರಸಿಯ ಶಗಾಲ್, ಟರ್ಕಿಯ ದಾರಿಯಲ್ಲಿ ಯುರೋಪಿಗೆ ಹೋದದ್ದು, ಸಂಸ್ಕೃತದ ಶೃಗಾಲಕ್ಕೆ ಹತ್ತಿರದ ಸಂಬಂಧ.

ಪ್ರಶ್ನೆ: ಒಣಕೊಬ್ಬರಿಗೆ ಇಂಗ್ಲಿಷಲ್ಲಿ ಕೊಪ್ರಾ ಅಂತ ಬರೀತಾರೆ. ಅದೂ ಇಲ್ಲಿಂದ ಹೋದದ್ದಾ?
– ಓದುಗರೊಬ್ಬರು, ಕುಂಬಳೆ

ಉತ್ತರ: ಹೌದು, ಮಲಯಾಳದ ಕೊಪ್ಪರ, ಅದನ್ನೂ ಪೋರ್ಚುಗೀಸರೇ ದಾಟಿಸಿದ್ದು. ತೆಂಗಿನ ನಾರಿಗೆ ಕಾಯರ್ ಅಂತಾರಲ್ಲ, ಅದು ಹಗ್ಗಕ್ಕೆ ಮಲಯಾಳದಲ್ಲಿ ಹೇಳುವ ಕಯರ್.